ಬದುವಿನ ಪತ್ರೆ

ಮುಂಗಾರಿನ ಮೊದಲ ಉಳುಮೆಗೆ ಎತ್ತು ಹೂಡುವ ದಿನ ನಮ್ಮ ಕಡೆಯ ಬೇಸಾಯಗಾರನು ಹೊಲದ ಮೂಲೆಯಲ್ಲಿ ಕುಳಿತು, ಹಿಡಿಯಷ್ಟು ಸಗಣಿಯನ್ನು ಗೋಪುರದಂತೆ ತಿದ್ದಿ, ಅದರ ನೆತ್ತಿಗೆ ಎರಡೆಳೆ ಗರಿಕೆಯನ್ನು ಸಿಕ್ಕಿಸಿ, ಬೆನಕನೆಂದು ಕೈಮುಗಿಯುತ್ತಾನೆ. ಕೈಮುಗಿದು ಎದ್ದವನು ಮಾಡುವ ಮೊದಲ ಕೆಲಸವೆಂದರೆ ಆ ಹೊಲದೊಳಗೆ ಬೇರುಬಿಟ್ಟಿರುವ ಗರಿಕೆಯನ್ನು ನೇಗಿಲಿನಿಂದ ಮಗುಚಿ, ಗುದ್ದಲಿಯಿಂದ ಅಗೆದು, ಬೇರಿನ ತುಂಡೊಂದೂ ಉಳಿಯದಂತೆ ಆಯ್ದು, ಬಿಸಿಲಿನಲ್ಲಿ ಒಣಗಿಸಿ ಸುಡುವುದು. ಗೆಣ್ಣುಗೆಣ್ಣಿಗೂ ಬೇರೂರುವ ಆ ಹುಲ್ಲು ಹೊಲದ ಶತ್ರುಗಳಲ್ಲೆಲ್ಲ ಹಠಮಾರಿಯಾದುದು. ಬೆರಳುದ್ದದ ತುಂಡು ಮಣ್ಣಿನಲ್ಲಿ ಉಳಿದರೂ ಮುಂದಿನ ಮಳೆಗೆ ಮೊಳದಷ್ಟು ಹಬ್ಬುತ್ತದೆ. ಒಂದೇ ಬೆಳಗಿನ ಒಂದೇ ಗಳಿಗೆಯಲ್ಲಿ, ಒಂದೇ ಕೈ, ಒಂದೇ ಸಸ್ಯವನ್ನು ದೇವರ ತಲೆಯ ಮೇಲೂ ಏರಿಸುತ್ತದೆ, ಬೆಂಕಿಗೂ ಹಾಕುತ್ತದೆ. ಈ ಎರಡು ಕ್ರಿಯೆಗಳ ನಡುವೆ ವಿರೋಧವಿದೆಯೆಂದು ಆತನಿಗೆ ತೋರುವುದಿಲ್ಲ. ಬಹುಕಾಲ ನನಗೂ ತೋರಿರಲಿಲ್ಲ. ತೋರಿದ ಮೇಲೆ ಮಾತ್ರ ಅದು ಮನಸ್ಸನ್ನು ಬಿಟ್ಟು ಹೋಗಲೊಲ್ಲದು.

ದೇವನಹಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ದಾರಿಯ ಮಗ್ಗುಲಲ್ಲಿ ನನ್ನ ಸ್ನೇಹಿತರೊಬ್ಬರಿಗೆ ಎರಡೆಕರೆ ಹೊಲವಿದ್ದಿತು. ಭಾದ್ರಪದದ ಚೌತಿಯ ಹಿಂದಿನ ದಿನ ಪತ್ರೆ ತರುವ ನೆವದಿಂದ ಅಲ್ಲಿಗೆ ಹೋಗಿ, ಮಧ್ಯಾಹ್ನದವರೆಗೆ ಅಲೆದು, ಅವರ ಮನೆಯಲ್ಲಿ ಊಟಮಾಡಿಕೊಂಡು ಬರುವುದು ನನಗೆ ಹಲವು ವರ್ಷಗಳ ವಾಡಿಕೆ. 2008ರಲ್ಲಿ ಆ ಸೀಮೆಗೆ ವಿಮಾನ ನಿಲ್ದಾಣ ಬಂದ ಮೇಲೆಯೂ ಕೆಲವು ಕಾಲ ಹೊಲವು ಹೊಲವಾಗಿಯೇ ಇದ್ದಿತು; ಆಕಾಶದಲ್ಲಿ ಬಿಡುವಿಲ್ಲದೆ ಹಾರುವ ಲೋಹಪಕ್ಷಿಗಳ ಕೆಳಗೆ, ಮೊಳಕಾಲೆತ್ತರ ಬೆಳೆದ ರಾಗಿಯೂ, ಅಕ್ಕಡಿ ಸಾಲಿನ ಅವರೆ ತೊಗರಿ ಹುಚ್ಚೆಳ್ಳುಗಳೂ ತಮ್ಮ ಪಾಡಿಗೆ ತಾವು ಇದ್ದುವು. ಆದರೆ ನನ್ನ ಕೆಲಸ ಹೊಲದಲ್ಲಿ ಅಲ್ಲ, ಬದುವಿನ ಮೇಲೆ. ಅವರ ಹೊಲಕ್ಕೂ ಪಕ್ಕದವರ ಹುರುಳಿಯ ಹೊಲಕ್ಕೂ ನಡುವೆ ಮೂರಡಿ ಅಗಲದ ಒಂದು ಬದು. ಅದರ ನಡುಮಧ್ಯದಲ್ಲಿ ಒಂದು ಹೊಂಗೆಯ ಮರ, ಮರದ ಬುಡದಲ್ಲಿ ಒಂದು ಹುತ್ತ, ಹುತ್ತದಿಂದ ಹತ್ತು ಹೆಜ್ಜೆಗೆ ಅರಿಸಿನ ಕುಂಕುಮ ಮೆತ್ತಿದ ಮೂರು ಗುಂಡುಕಲ್ಲು, ಅಂದರೆ ಮುನಿಯಪ್ಪ. ಬದುವಿನ ಉದ್ದಕ್ಕೂ, ಯಾರೂ ಬಿತ್ತದೆ, ಯಾರೂ ನೀರೆರೆಯದೆ, ಮಳೆಯ ಅನುಗ್ರಹವೊಂದರಿಂದಲೇ ಎದ್ದುನಿಂತ ಒಂದು ಪ್ರಜೆ: ಬಿಳಿಯ ಹೂವಿನ ತುಂಬೆ, ಬಟ್ಟೆಗೆ ಅಂಟಿಕೊಳ್ಳುವ ಉತ್ತರಾಣಿ, ನೆಲಕ್ಕೆ ಒತ್ತಿಕೊಂಡು ನೀಲಿಯ ಚುಕ್ಕೆಗಳನ್ನು ತೆರೆದಿರುವ ವಿಷ್ಣುಕ್ರಾಂತಿ, ಎಕ್ಕ, ಉಮ್ಮತ್ತಿ, ಲಕ್ಕಿ, ತಂಗಡಿ, ಮುಳ್ಳುಗಾವಲಿನ ಕತ್ತಾಳೆ, ಇವೆಲ್ಲದರ ಕಾಲಡಿಯಲ್ಲಿ ಚಾಪೆಯಂತೆ ಹಾಸಿದ ಗರಿಕೆ.

ಗಣಪತಿಗೆ ಇಪ್ಪತ್ತೊಂದು ಪತ್ರೆಗಳೆಂದು ಪೂಜಾವಿಧಿ ಹೇಳುತ್ತದಷ್ಟೆ. ಆ ಪಟ್ಟಿಯನ್ನು ಬದುವಿನ ಮೇಲೆ ನಿಂತು ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಮಾವು, ದಾಳಿಂಬೆ, ಜಾಜಿ, ಕಣಗಿಲೆಗಳಂಥ ಕೆಲವನ್ನು ಮನುಷ್ಯನು ನೆಟ್ಟು ಬೆಳೆಸಬಲ್ಲನು. ದೇವದಾರುವಂತೂ ಹಿಮಾಲಯದ ವೃಕ್ಷ. ನಮ್ಮೂರಿನಲ್ಲಿ ಅದರ ಹೆಸರು ಹೇಳಿ ಯಾವ ಎಲೆಯನ್ನು ಏರಿಸುತ್ತಾರೆಂಬುದನ್ನು ಪುರೋಹಿತರಲ್ಲಿ ವಿಚಾರಿಸದಿರುವುದೇ ಲೇಸು. ಆದರೆ ದೂರ್ವೆ, ಅಪಾಮಾರ್ಗವೆಂಬ ಉತ್ತರಾಣಿ, ಅರ್ಕವೆಂಬ ಎಕ್ಕ, ದತ್ತೂರವೆಂಬ ಉಮ್ಮತ್ತಿ, ಸಿಂಧುವಾರವೆಂಬ ಲಕ್ಕಿ, ಬೃಹತಿಯೆಂಬ ಕಾಡುಗುಳ್ಳ, ಬದರಿಯೆಂಬ ಬೋರೆ, ವಿಷ್ಣುಕ್ರಾಂತಿ, ಇವನ್ನೆಲ್ಲ ಯಾವ ತೋಟದಲ್ಲಿ ಯಾವ ತೋಟಿಗನು ಬೆಳೆಸಿದ್ದಾನೆ? ಸಂಸ್ಕೃತದ ಗಂಭೀರ ನಾಮಧೇಯಗಳನ್ನು ಕಳಚಿ ನೋಡಿದರೆ, ವಿಘ್ನೇಶ್ವರನ ಪೂಜಾದ್ರವ್ಯದ ಒಂದು ದೊಡ್ಡ ಪಾಲು ಬದುವಿನ ಕಳೆ. ಈಶ್ವರನಿಗೆ ಪ್ರಿಯವೆನ್ನುವ ತುಂಬೆಯೂ ಅಲ್ಲಿಯದೇ. ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ ಕೊಡುವ ಎಕ್ಕವೂ ಅಲ್ಲಿಯದೇ. ನಮ್ಮ ಪೂರ್ವಿಕರಿಗೆ ಉದ್ಯಾನಗಳ ಪರಿಚಯವಿರಲಿಲ್ಲವೆಂದಲ್ಲ. ಇದ್ದೂ ದೇವರಿಗೆ ಏತಕ್ಕೆ ಇದನ್ನೇ ಆರಿಸಿದರು ಎಂಬುದು ಪ್ರಶ್ನೆ.

ಕನ್ನಡದಲ್ಲಿ 'ಕಳೆ' ಎಂಬ ಮಾತು ವಿಚಿತ್ರವಾದುದು. ಬೆಳೆಯ ನಡುವಿನ ಬೇಡದ ಗಿಡ ಕಳೆ. ತೆಗೆದುಹಾಕು, ನೀಗಿಸು ಎಂಬ ಕ್ರಿಯೆಯೂ ಕಳೆ. ಇವೆರಡೂ ಒಂದೇ ಧಾತುವಿನ ಮಕ್ಕಳು. ಅಂದರೆ ಆ ಗಿಡಕ್ಕೆ ಅದರ ರೂಪದಿಂದಾಗಲಿ ಗುಣದಿಂದಾಗಲಿ ಹೆಸರು ಬಂದಿಲ್ಲ, ನಾವು ಅದಕ್ಕೆ ಮಾಡಲಿರುವ ಗತಿಯಿಂದಲೇ ಬಂದಿದೆ. ಇನ್ನು ಮುಖದ ಕಳೆ, ದೇವರ ವಿಗ್ರಹದ ಕಳೆ ಎನ್ನುವಾಗಿನ ಕಳೆ ಸಂಸ್ಕೃತದ 'ಕಲಾ' ಶಬ್ದದಿಂದ ಬಂದ ಬೇರೊಂದು ಮನೆಯ ಕೂಸು. ಎರಡು ಮನೆಗಳಿಂದ ಬಂದ ಈ ಪದಗಳು ಉಚ್ಚಾರದಲ್ಲಿ ಒಂದಾದದ್ದು ಕಾಕತಾಳೀಯವೆಂದು ವ್ಯಾಕರಣಜ್ಞರು ಹೇಳುವರು, ನಾನೂ ಒಪ್ಪುತ್ತೇನೆ. ಆದರೆ ಬೆನಕನ ನೆತ್ತಿಯ ಮೇಲಿನ ಎರಡೆಳೆ ಹಸುರನ್ನು ಕಂಡವನಿಗೆ ಆ ಕಾಕತಾಳೀಯವನ್ನು ನೆನೆದು ನಗೆ ಬಾರದಿರದು.

ಕಳೆತನವೆಂಬುದು ಸಸ್ಯದಲ್ಲಿ ಇರುವ ಧರ್ಮವೋ, ನಮ್ಮ ದೃಷ್ಟಿಯಿಂದ ಅದರ ಮೇಲೆ ಬಿದ್ದ ನೆರಳೋ? ವೈಶೇಷಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಗೋತ್ವವು ಜಾತಿ. ಹಸುವು ಎಲ್ಲಿಯೇ ಇರಲಿ, ಯಾರದೇ ಇರಲಿ, ಅದರಲ್ಲಿ ಗೋತ್ವ ತಪ್ಪದು. ಕಳೆತನ ಹಾಗಲ್ಲ. ಬದುವಿನ ಮೇಲಿದ್ದಾಗ ದೂರ್ವೆ, ಒಂದು ಗೇಣು ಈಚೆಗೆ ಹಬ್ಬಿ ರಾಗಿಯ ಸಾಲಿಗೆ ಬಂದರೆ ಕಳೆ, ಮತ್ತೆ ಹಿಂದಕ್ಕೆ ಸರಿದರೆ ದನಕ್ಕೆ ಮೇವು, ವೈದ್ಯನ ಕೈಗೆ ಸಿಕ್ಕಿದರೆ ಔಷಧಿ. ಹೀಗೆ ಸ್ಥಾನದಿಂದ ಸ್ಥಾನಕ್ಕೆ ಬದಲಾಗುವುದು ಜಾತಿಯಾಗಲಾರದು, ಅದು ಕೇವಲ ಉಪಾಧಿ. ಇದು ಹೊಸ ಮಾತೇನೂ ಅಲ್ಲ, ಎಲ್ಲರಿಗೂ ತಿಳಿದದ್ದೇ ಎನ್ನಬಹುದು. ತಿಳಿದಿದ್ದರೂ, ಉಪಾಧಿಯನ್ನು ಜಾತಿಯೆಂದು ಭ್ರಮಿಸಿ, ಒಂದು ಹೆಸರನ್ನು ಒಂದು ಜೀವದ ಮೈಗೆ ಬರೆ ಹಾಕಿದಂತೆ ಹಾಕುವುದು ನಮ್ಮ ದೈನಂದಿನ ವ್ಯವಹಾರ. ಗಿಡಗಳ ವಿಷಯದಲ್ಲಿ ಮಾತ್ರವೇ ಅಲ್ಲ.

ವೈಶೇಷಿಕ ದರ್ಶನದ ಕರ್ತೃವಾದ ಕಣಾದನಿಗೆ ಆ ಹೆಸರು ಬಂದದ್ದು, ಕೊಯ್ಲಾದ ಹೊಲಗಳಲ್ಲಿ ಉದುರಿದ ಕಾಳುಗಳನ್ನು ಆಯ್ದು ತಿಂದು ಬದುಕುತ್ತಿದ್ದನಾದುದರಿಂದ ಎಂದು ಸಂಪ್ರದಾಯ. ಅದಕ್ಕೆ ಉಂಛವೃತ್ತಿಯೆಂದು ಹೆಸರು. ಮಹಾಭಾರತದ ಕೊನೆಯ ಪರ್ವಗಳಲ್ಲೊಂದರಲ್ಲಿ, ಯುಧಿಷ್ಠಿರನ ಅಶ್ವಮೇಧ ಮುಗಿದ ಯಜ್ಞಶಾಲೆಗೆ ಅರ್ಧಮೈ ಚಿನ್ನವಾದ ಮುಂಗುಸಿಯೊಂದು ಬಂದು, ಈ ಮಹಾಯಜ್ಞವು ಕುರುಕ್ಷೇತ್ರದ ಒಬ್ಬ ಉಂಛವೃತ್ತಿಯ ಬ್ರಾಹ್ಮಣನು ಅತಿಥಿಗೆ ಕೊಟ್ಟ ಸೇರು ಹಿಟ್ಟಿಗೆ ಸಮನಲ್ಲವೆಂದು ಹಂಗಿಸಿದ ಕಥೆಯನ್ನು ಯಾರು ಕೇಳಿಲ್ಲ? ನಾನು ಆ ಕಥೆಯನ್ನು ಬಾಲ್ಯದಿಂದಲೂ ದಾನದ ಕಥೆಯೆಂದೇ ತಿಳಿದಿದ್ದೆನು. ಅದು ಹೊಲದಂಚಿನ ಕಥೆಯೂ ಹೌದೆಂಬುದನ್ನು ನನಗೆ ತಿಳಿಸಿದವಳು ಒಬ್ಬ ಮುದುಕಿ.

ಒಂದು ವರ್ಷ ನಾನು ಉತ್ತರಾಣಿಯ ಕಡ್ಡಿಗಳನ್ನು ಮುರಿಯುತ್ತಿದ್ದಾಗ ಆಕೆ ಬದುವಿನ ಇನ್ನೊಂದು ಕೊನೆಯಿಂದ ಬಗ್ಗಿಕೊಂಡೇ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಾಡಿಕೊಂಡ ಮಡಿಲಲ್ಲಿ ಬೆರಕೆ ಸೊಪ್ಪು: ಅಣ್ಣೆ, ಕನ್ನೆ, ಗೋಣಿ, ಗಣಿಕೆ, ಹೊನಗೊನ್ನೆ. ಅವುಗಳಲ್ಲಿ ಕೆಲವನ್ನು ನಾನು ಹೆಸರಿನಿಂದ ಬಲ್ಲೆ, ಎಲೆಯಿಂದ ಗುರುತಿಸಲಾರೆ. ಆಕೆಯ ಬೆರಳುಗಳಾದರೋ ಕಣ್ಣಿನ ಸಹಾಯವಿಲ್ಲದೆ ಚಿಗುರನ್ನಷ್ಟೇ ಚಿವುಟಿ, ಬುಡವನ್ನು ಮುಂದಿನ ವಾರಕ್ಕೆಂದು ಬಿಟ್ಟು ಮುಂದುವರಿಯುತ್ತಿದ್ದುವು. ನಾನು ಪಟ್ಟಣದವನ ಸಹಜವಾದ ಅವಿವೇಕದಿಂದ ಕೇಳಿದೆ: "ಏನವ್ವಾ, ಇದು ನಿಮ್ಮ ಹೊಲವೇ?" ಆಕೆ ನೆಟ್ಟಗಾಗಿ ನನ್ನನ್ನೊಮ್ಮೆ, ನನ್ನ ಕೈಯ ಚೀಲವನ್ನೊಮ್ಮೆ ನೋಡಿ ಹೇಳಿದಳು: "ನಮ್ದೆಲ್ಲಿ ಬಂತು ಸ್ವಾಮಿ? ರಾಗಿ ಅವ್ರ್ದು, ಹುರುಳಿ ಇವ್ರ್ದು. ಬದು ಯಾರ್ದೂ ಅಲ್ಲ. ಸೊಪ್ಪು ಕಿತ್ತೋರ್ದು, ಗರ್ಕೆ ಬೆನಕಪ್ಪಂದು. ನೀವ್ ಕೀಳೋಕೆ ಯಾರ್ನ ಕೇಳಿದ್ರಿ?"

ನಾನು ಯಾರನ್ನೂ ಕೇಳಿರಲಿಲ್ಲ. ಸ್ನೇಹಿತರ ಹೊಲವೆಂಬ ಸಲಿಗೆ ಇತ್ತು ನಿಜ. ಆದರೆ ರಾಗಿಯ ಒಂದು ತೆನೆಯನ್ನು ಮುರಿಯಬೇಕಾದರೂ ಕೇಳುತ್ತಿದ್ದವನಿಗೆ, ಉತ್ತರಾಣಿಯನ್ನು ಕಟ್ಟುಗಟ್ಟಲೆ ಮುರಿಯುವಾಗ ಕೇಳಬೇಕೆಂಬ ಯೋಚನೆಯೇ ಹುಟ್ಟಿರಲಿಲ್ಲ. ಆಕೆಯ ಮಾತಿನ ಮೊನೆ ನನಗೆ ನಾಟಿದ್ದು ಅಲ್ಲಿ.

ಸರ್ಕಾರದ ಕಾಗದದಲ್ಲಿ 'ಯಾರದೂ ಅಲ್ಲ' ಎಂಬ ವರ್ಗವು ಅಷ್ಟು ಸರಳವಾದುದಲ್ಲ. ಪಹಣಿಯಲ್ಲಿ ಸಾಗುವಳಿಗೆ ಬಾರದ ನೆಲಕ್ಕೆ ಖರಾಬು ಎಂದು ಬೇರೆಯೇ ಅಂಕಣವಿದೆ. ಅದರಲ್ಲಿಯೂ 'ಎ' ಖರಾಬು, 'ಬಿ' ಖರಾಬು ಎಂಬ ಭೇದವಿದೆ. ಖರಾಬು ಎಂದರೆ ಕೆಟ್ಟದ್ದು. ಬಂಡೆ, ಹಳ್ಳ, ಬಂಡಿದಾರಿ, ಸ್ಮಶಾನಗಳೆಲ್ಲ ಕಂದಾಯದ ಕಣ್ಣಿಗೆ ಕೆಟ್ಟ ನೆಲ. ಬೇಸಾಯಗಾರನು ಕಳೆಯೆಂದದ್ದು ಸಸ್ಯವನ್ನು; ಅಳತೆಗಾರನು ಖರಾಬೆಂದದ್ದು ನೆಲವನ್ನೇ. ಪೈರು ಬಾರದ್ದು, ತೆರಿಗೆ ಬಾರದ್ದು, ಆದುದರಿಂದ ಕೆಟ್ಟದ್ದು. ಆದರೆ ಇದೇ ಖರಾಬು ನೆಲದ ಮೇಲೆ ಆ ಮುದುಕಿಯ ಮಸೊಪ್ಪೂ ವಿನಾಯಕನ ಪತ್ರೆಯೂ ಬೆಳೆಯುತ್ತಿದ್ದುವು. ಇದನ್ನು ಯೋಚಿಸಿದಾಗಲೆಲ್ಲ, ಒಳ್ಳೆಯದು ಕೆಟ್ಟದ್ದು ಎಂಬ ಮಾತುಗಳನ್ನು ಇಷ್ಟು ಸಲೀಸಾಗಿ ಕಾಗದದ ಅಂಕಣಕ್ಕೆ ಇಳಿಸಿದ ಧೈರ್ಯಕ್ಕೆ ಬೆರಗಾಗುತ್ತೇನೆ.

ನಮ್ಮ ಪ್ರಾಚೀನರು ಎಲ್ಲೆಯನ್ನು ಕಂಡದ್ದು ಬೇರೊಂದು ಬಗೆಯಲ್ಲಿ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸೀಮಾವಿವಾದದ ಪ್ರಕರಣವಿದೆ. ಗಡಿಯಲ್ಲಿ ಆಲ, ಅರಳಿ, ಮುತ್ತುಗ, ಬೂರುಗ, ತಾಳೆಗಳನ್ನೂ ಹಾಲೊಸರುವ ಮರಗಳನ್ನೂ ನೆಡಬೇಕು. ಪೊದೆ, ಬಿದಿರು, ಬನ್ನಿ, ಬಳ್ಳಿಗಳಿರಬೇಕು. ಹಾಗಿದ್ದರೆ ಸೀಮೆ ಅಳಿಯದು ಎಂದು ಅದರ ತಾತ್ಪರ್ಯ. ಜನ ಗಡಿಯ ವಿಷಯದಲ್ಲಿ ಸುಳ್ಳುಹೇಳುವರೆಂದು ಬಲ್ಲ ಆ ಶಾಸ್ತ್ರಕಾರನು, ನೆಲದೊಳಗೆ ಇದ್ದಲು, ಬೂದಿ, ಹೊಟ್ಟು, ಮಡಕೆಯ ಚೂರು, ಇಟ್ಟಿಗೆಗಳನ್ನು ಹೂತಿಡುವಂತೆಯೂ ಹೇಳುತ್ತಾನೆ. ಆತನ ಇತರ ಅಭಿಪ್ರಾಯಗಳೊಡನೆ ನನಗೆ ಎಷ್ಟೇ ಜಗಳವಿರಲಿ, ನೆರೆಹೊರೆಯವರ ಸ್ವಭಾವವನ್ನು ಚೆನ್ನಾಗಿ ಅರಿತಿದ್ದನೆನ್ನಲು ಅಡ್ಡಿಯಿಲ್ಲ. ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ, ಸಸ್ಯಗಳು ಒಳಗೇ ಅರಿವುಳ್ಳವು, ಸುಖದುಃಖಗಳಿಗೆ ಪಾತ್ರವಾದವು ಎಂಬ ಮಾತು ಬರುತ್ತದೆ. ಎರಡನ್ನೂ ಕೂಡಿಸಿ ಓದಿದರೆ ದೊರೆಯುವ ಅರ್ಥ ಸೊಗಸಾದುದು: ಎಲ್ಲೆಯನ್ನು ಕಾಯಬೇಕಾದುದು ಜೀವವುಳ್ಳದ್ದು, ಅರಿವುಳ್ಳದ್ದು, ಕಲ್ಲು ಅದಕ್ಕೆ ಗುಪ್ತಸಾಕ್ಷಿ ಮಾತ್ರ.

ಹುಲ್ಲಿನ ಎಲ್ಲೆಯೆಂದರೆ ನನಗೆ ನೆನಪಾಗುವುದು ಅಶೋಕವನದ ಸೀತೆ. ರಾವಣನು ಬಂದು ಎದುರು ನಿಂತಾಗ ಆಕೆ ಇಬ್ಬರ ನಡುವೆ ಒಂದು ಹುಲ್ಲೆಸಳನ್ನು ಇರಿಸಿ ಉತ್ತರಿಸಿದಳೆಂದು ವಾಲ್ಮೀಕಿಯ ವರ್ಣನೆ. ವ್ಯಾಖ್ಯಾನಕಾರರು ಇದಕ್ಕೆ ಹತ್ತಾರು ಅರ್ಥ ಹೇಳಿದ್ದಾರೆ. ನನಗೆ ತೋರುವುದು ಇಷ್ಟು: ಲಂಕೆಯಲ್ಲಿ ಸೀತೆಯದೆನ್ನಬಹುದಾದ ಅಂಗುಲ ನೆಲವೂ ಇರಲಿಲ್ಲ, ಆ ಹುಲ್ಲೂ ಆಕೆಯದಲ್ಲ. ಯಾರದೂ ಅಲ್ಲದ ಒಂದು ತೃಣವನ್ನು ಹಿಡಿದು ಆಕೆ ಎಳೆದ ಗೆರೆಯನ್ನು ತ್ರಿಲೋಕಗಳ ಒಡೆಯನೆನಿಸಿಕೊಂಡವನು ದಾಟಲಾರದೆ ಹೋದನು. ಕೇನೋಪನಿಷತ್ತಿನಲ್ಲಿಯೂ ಅಗ್ನಿ ಸುಡಲಾರದೆ, ವಾಯು ಅಲುಗಿಸಲಾರದೆ ಸೋತದ್ದು ಇಂಥದೇ ಒಂದು ಹುಲ್ಲುಕಡ್ಡಿಯ ಮುಂದೆ. ಗೀತೆಯು ಪಂಡಿತರ ಸಮದರ್ಶನವನ್ನು ಹೇಳುವಾಗ ಬ್ರಾಹ್ಮಣನಿಂದ ತೊಡಗಿ ಹಸು, ಆನೆ, ನಾಯಿ, ನಾಯಿಯ ಮಾಂಸ ಬೇಯಿಸುವವನವರೆಗೆ ಇಳಿಯುತ್ತದೆ, ಹುಲ್ಲಿನವರೆಗೆ ಇಳಿಯುವುದಿಲ್ಲ. ಆ ಕೊರತೆಯನ್ನು ಈ ಎರಡು ಕಥೆಗಳು ತುಂಬಿಕೊಡುತ್ತವೆಯೆಂದು ನನ್ನ ಸಮಾಧಾನ.

ಈಗ ಮುಖ್ಯವಾದ ತೊಡಕಿಗೆ ಬರೋಣ. ನನ್ನದಲ್ಲದ್ದನ್ನು ನಾನು ದೇವರಿಗೆ ಅರ್ಪಿಸಬಹುದೇ? ದಾನವೆಂದರೆ ತನ್ನ ಸ್ವತ್ವವನ್ನು ತ್ಯಜಿಸಿ ಇನ್ನೊಬ್ಬರ ಸ್ವತ್ವವನ್ನು ಉಂಟುಮಾಡುವುದು ಎಂದು ಶಾಸ್ತ್ರಜ್ಞರ ಲಕ್ಷಣ. ಬದುವಿನ ಪತ್ರೆಯಲ್ಲಿ ನನಗೆ ಸ್ವತ್ವವೇ ಇಲ್ಲದ ಮೇಲೆ ತ್ಯಜಿಸುವುದೇನನ್ನು? ಹಣ ಕೊಟ್ಟು ಕೊಂಡದ್ದಾದರೆ ನ್ಯಾಯವಾಗಿ ನನ್ನದು. ಅದನ್ನು ಅರ್ಪಿಸಿದರೆ ಏನೋ ಕೊಟ್ಟಂತಾಯಿತು. ಈ ಪೂರ್ವಪಕ್ಷ ಬಲವಾದುದೇ. ಚೌತಿಯ ಹಿಂದಿನ ದಿನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋದರೆ, ಗರಿಕೆಯ ಕಟ್ಟು, ಎಕ್ಕದ ಹೂವಿನ ಹಾರ, ಇಪ್ಪತ್ತೊಂದು ಪತ್ರೆಯೆಂದು ಹೇಳಿ ಮಾರುವ ಹಸುರಿನ ಪೊಟ್ಟಣ ಎಲ್ಲವೂ ದೊರೆಯುತ್ತವೆ. ಭಕ್ತಿಯಿಂದ ಕೊಟ್ಟ ಎಲೆಯಾಗಲಿ ನೀರಾಗಲಿ ತನಗೆ ಸಲ್ಲುವುದೆಂದು ಭಗವಂತನೇ ಗೀತೆಯಲ್ಲಿ ಅಭಯವಿತ್ತಿರುವಾಗ, ಆ ಎಲೆ ಪೇಟೆಯದೋ ಬದುವಿನದೋ ಎಂದು ವಿಚಾರಿಸಲು ನಾನಾರು?

ದೇವರು ಒಲ್ಲೆನೆನ್ನುವನೆಂದು ನಾನು ಹೇಳುವುದಿಲ್ಲ. ನನ್ನ ಸಂಶಯ ಕೊಡುವವನ ಮನಸ್ಸನ್ನು ಕುರಿತದ್ದು. ಹೋಮದಲ್ಲಿ ಪ್ರತಿಯೊಂದು ಆಹುತಿಯ ಕೊನೆಗೂ ಯಜಮಾನನು ಇದು ನನ್ನದಲ್ಲವೆಂದು ಬಾಯಿಬಿಟ್ಟು ಹೇಳಬೇಕೆಂಬ ವಿಧಿಯಿದೆ. ಹೇಳಿಸುವ ಅಗತ್ಯವೇಕೆ? ಅದು ತನ್ನದೆಂಬ ಭಾವನೆ ಅಷ್ಟು ಆಳವಾಗಿ ನಾಟಿರುವುದರಿಂದ. ತುಪ್ಪ ಮನೆಯದು, ಸಮಿತ್ತು ಕೊಂಡದ್ದು, ದಕ್ಷಿಣೆ ಕಿಸೆಯಲ್ಲಿದೆ. ಆದುದರಿಂದ ನೂರೆಂಟು ಸಲ ಹೇಳಿದರೂ ಆ ಮಾತು ನಾಲಗೆಯಿಂದ ಕೆಳಗಿಳಿಯುವುದು ದುಸ್ತರ. ಬದುವಿನಿಂದ ಗರಿಕೆ ಕಿತ್ತು ತಂದವನಿಗೆ ಈ ಶ್ರಮವಿಲ್ಲ. ಅವನ ಪಾಲಿಗೆ ಅದು ವಿಧಿಯಲ್ಲ, ನಡೆದ ಸಂಗತಿಯ ವರದಿ. ಅದನ್ನು ದಾನವೆನ್ನಲಾಗದಿದ್ದರೆ ಬೇಡ. ದಾನಿಯಾಗದೆ ದೇವರ ಮುಂದೆ ನಿಲ್ಲುವ ಒಂದೇ ಒಂದು ಸಂದರ್ಭವನ್ನು ಪೂಜೆಯೊಳಗೇ ಅಡಗಿಸಿಟ್ಟವರು, ಅದಕ್ಕೆ ಬೇಕಾದ ದ್ರವ್ಯವನ್ನು ತೋಟದಿಂದ ತರಿಸದೆ ಬದುವಿನಿಂದ ತರಿಸಿದರು. ಮೇಲೆ ಕೇಳಿದ ಪ್ರಶ್ನೆಗೆ ನನಗೆ ದೊರೆತ ಉತ್ತರ ಇದು.

ಆದರೆ ಈ ಉತ್ತರಕ್ಕೂ ಒಂದು ಮುಳ್ಳಿದೆ. ಯಾರೂ ಬಿತ್ತದ್ದೆಲ್ಲ ಪವಿತ್ರವಾದರೆ, ಕಾಂಗ್ರೆಸ್ ಗಿಡದ ಗತಿಯೇನು? 1950ರ ದಶಕದ ನಡುವಿನಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದ ಈ ಅಮೆರಿಕದ ಸಸ್ಯ, ಆಮದಾದ ಗೋಧಿಯೊಡನೆ ಬಂದಿತೆಂದು ಜನ ಹೇಳುವ ಪಾರ್ಥೇನಿಯಂ, ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ಆಕ್ರಮಿಸಿತು. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ಜೀರುಂಡೆಯನ್ನು 1984ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಮೊದಲು ಬಯಲಿಗೆ ಬಿಟ್ಟರು. ಜೀರುಂಡೆ ತನ್ನ ಕೈಲಾದಷ್ಟು ತಿನ್ನುತ್ತಿದೆ, ಗಿಡ ತನ್ನ ಕೈಲಾದಷ್ಟು ಬೆಳೆಯುತ್ತಿದೆ. ನನ್ನ ಸ್ನೇಹಿತರ ಬದುವಿನಲ್ಲಿ ಅದು ಕಾಣಿಸಿಕೊಂಡಾಗ, ಸರ್ವಜೀವಸಮತ್ವವನ್ನು ಕುರಿತು ಇಷ್ಟೆಲ್ಲ ಯೋಚಿಸಿದ ನಾನೇ ಕೈಗೆ ಬಟ್ಟೆ ಸುತ್ತಿಕೊಂಡು ಅದನ್ನು ಬೇರುಸಹಿತ ಕಿತ್ತೆನು. ಎರಡು ದಿನ ಮೈ ತುರಿಸಿತು. ಜೈನ ಮುನಿಯಾದರೆ ವನಸ್ಪತಿಕಾಯದ ಏಕೇಂದ್ರಿಯ ಜೀವವೆಂದು ಅದನ್ನೂ ಬಿಡುತ್ತಿದ್ದನು. ಅವನ ಅಹಿಂಸೆ ನನ್ನದಕ್ಕಿಂತ ಶುದ್ಧವಾದುದೆಂಬುದರಲ್ಲಿ ಸಂದೇಹವಿಲ್ಲ; ಆದರೆ ಅವನು ಹೊಲ ಉಳುವುದಿಲ್ಲ.

ಪರದೇಶದ್ದೆಂಬುದು ಅದರ ತಪ್ಪಲ್ಲ. ಬದುವಿನ ಬೇಲಿಯ ಕತ್ತಾಳೆ ಅಮೆರಿಕ ಖಂಡದ್ದು. ಮಕ್ಕಳು ಮುಟ್ಟಿ ನಲಿಯುವ ಮುಟ್ಟಿದರೆ ಮುನಿ ಅಲ್ಲಿಯದೇ. ಕುಡುಗೋಲು ತಗುಲಿದ ಬೆರಳಿಗೆ ನಮ್ಮ ಹಳ್ಳಿಗರು ಹಿಂಡಿಕೊಳ್ಳುವ, ಹಳದಿ ನಡುವಿನ ಬಿಳಿಯ ಪುಟ್ಟ ಹೂ ಬಿಡುವ ಸೊಪ್ಪೂ ಅಲ್ಲಿಂದ ಬಂದದ್ದೇ. ಮಸೊಪ್ಪಿಗೆ ಬೀಳುವ ಮೆಣಸಿನಕಾಯಿಯ ಮಾತಂತೂ ಹೇಳಬೇಕಾಗಿಲ್ಲ. ಇವೆಲ್ಲ ಬಂದು, ತುಂಬೆಯ ಪಕ್ಕದಲ್ಲಿ ಒಂದಿಷ್ಟು ಜಾಗ ಮಾಡಿಕೊಂಡು, ನೆಂಟರಾಗಿ, ಕಡೆಗೆ ಮನೆಯವರೇ ಆದುವು. ಕಾಂಗ್ರೆಸ್ ಗಿಡವೋ, ತನ್ನ ಬೇರೆಲೆಗಳ ವಿಷದಿಂದ ಅಕ್ಕಪಕ್ಕದ ಮೊಳಕೆಗಳನ್ನು ಮುರುಟಿಸಿ, ಸಾವಿರಾರು ಬೀಜ ಉದುರಿಸಿ, ತಾನೊಂದೇ ನಿಲ್ಲುತ್ತದೆ. ದನ ಮುಟ್ಟದು, ದೇವರಿಗೆ ಸಲ್ಲದು. ಯಾರದೂ ಅಲ್ಲದ ನೆಲವನ್ನೆಲ್ಲ ತನ್ನದು ಮಾಡಿಕೊಳ್ಳುವುದೇ ಅದರ ಸ್ವಭಾವ. ಒಂದು ಸಸ್ಯಕ್ಕೆ ಪಾಪವನ್ನು ಆರೋಪಿಸುವುದು ಅವಿವೇಕ. ಜಾತಿಯನ್ನೂ ಉಪಾಧಿಯನ್ನೂ ಬೇರೆಮಾಡಿ ಪಾಂಡಿತ್ಯ ಮೆರೆದವನಿಗಂತೂ ಅದು ಸಲ್ಲದು. ಆದರೂ ಕಿತ್ತೆ, ಮುಂದೆಯೂ ಕೀಳುವೆನು. ತತ್ತ್ವ ಪೂರ್ಣವಾಗಿ ಹೊಂದಲಿಲ್ಲವೆಂದು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಬದುವನ್ನು ತಿಂದದ್ದು ಪಟ್ಟಣವೊಂದೇ ಎಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಪಟ್ಟಣ ಬರುವುದಕ್ಕೆ ಬಹಳ ಮುಂಚೆಯೇ, ವರ್ಷಕ್ಕೆ ಅರ್ಧ ಗೇಣಿನಂತೆ ಬದುವನ್ನು ನೇಗಿಲಿನಿಂದ ಸವರಿ ಒತ್ತಿಕೊಂಡವರು ಹೊಲದವರೇ. ಬದುವಿಗಾಗಿ ಕುಡುಗೋಲು ಎತ್ತಿದವರು, ಬಾಂದು ಕಲ್ಲನ್ನು ರಾತ್ರಿ ಕಿತ್ತು ನೆಟ್ಟವರು, ಒಂದೇ ಹೊಟ್ಟೆಯಲ್ಲಿ ಹುಟ್ಟಿ ಮೂವತ್ತು ವರ್ಷ ಕೋರ್ಟಿಗೆ ಅಲೆದು ಗೆದ್ದ ನೆಲದ ಬೆಲೆಯನ್ನು ವಕೀಲರಿಗೆ ತೆತ್ತವರು, ಎಲ್ಲ ಊರಿನಲ್ಲಿಯೂ ಇದ್ದಾರೆ. ನಗರವಾದರೂ ನೇಗಿಲಿನಿಂದಲೇ ಹುಟ್ಟಿತಲ್ಲವೇ: 1537ರಲ್ಲಿ ಕೆಂಪೇಗೌಡನು ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಕಟ್ಟಿಸಿ, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ಹೊಡೆಸಿ, ಅವು ನಿಂತಲ್ಲಿ ಊರಬಾಗಿಲು ಇಡಿಸಿದನೆಂದು ಐತಿಹ್ಯ. ಆ ಎತ್ತುಗಳು ನಿಂತುವು. ಈಗಿನವು ನಿಲ್ಲುವ ಲಕ್ಷಣ ಕಾಣದು.

ಅಣ್ಣತಮ್ಮಂದಿರ ನೆಲದ ಜಗಳವೆಂದರೆ ಕನ್ನಡಿಗನ ಮನಸ್ಸು ಶ್ರವಣಬೆಳಗೊಳಕ್ಕೆ ಹೋಗದಿರದು. ಚಾವುಂಡರಾಯನು ಕ್ರಿ.ಶ. 981ರ ಸುಮಾರಿನಲ್ಲಿ ವಿಂಧ್ಯಗಿರಿಯ ಮೇಲೆ ಕಡೆಯಿಸಿದ ಸುಮಾರು 58 ಅಡಿಯ ಬಾಹುಬಲಿಯ ಮೂರ್ತಿಯ ಮುಖವನ್ನೇ ಎಲ್ಲರೂ ನೋಡಿ ಹಿಂದಿರುಗುತ್ತಾರೆ. ಆ ಮುಖದ ಕಳೆ ಅಂಥದು. ಆದರೆ ಪಾದಗಳ ಬಳಿ ನಿಂತು ನೋಡಬೇಕು: ಎರಡು ಮಗ್ಗುಲಲ್ಲಿಯೂ ಹುತ್ತ, ಹುತ್ತದಿಂದ ಹೊರಬರುತ್ತಿರುವ ಹಾವುಗಳು, ಕಾಲಿನಿಂದ ತೊಡೆಗೆ, ತೊಡೆಯಿಂದ ತೋಳಿಗೆ ಹಬ್ಬಿದ ಮಾಧವೀಲತೆ. ಮನುಷ್ಯನು ಉಳದೆ ಬಿಟ್ಟ ನೆಲದ ಮೇಲೆ ಏನು ಬರುವುದೋ ಅದೇ, ಬದುವಿನ ಮೇಲೆ ಬರುವುದೇ, ಆ ಮಹಾಪುರುಷನ ಮೈಮೇಲೆ ಬಂದಿದೆ. ಅಣ್ಣನಾದ ಭರತ ಚಕ್ರವರ್ತಿಯನ್ನು ಯುದ್ಧದಲ್ಲಿ ಗೆದ್ದು, ಗೆದ್ದ ನೆಲವನ್ನು ಅವನಿಗೇ ಬಿಟ್ಟು, ತಪಸ್ಸಿಗೆ ನಿಂತ ಬಾಹುಬಲಿಗೆ ಒಂದು ವರ್ಷವಾದರೂ ಕೇವಲಜ್ಞಾನ ಲಭಿಸಲಿಲ್ಲ. ಮನಸ್ಸಿನಲ್ಲಿ ಒಂದು ಶಲ್ಯ ಉಳಿದಿತ್ತು. ಆ ಶಲ್ಯವಾವುದೆಂಬುದರಲ್ಲಿ ಪರಂಪರೆಗಳು ಭಿನ್ನವಾಗುತ್ತವೆ. ಜನ ಹೆಚ್ಚಾಗಿ ಹೇಳುವುದು ಇದು: ತಾನು ಭರತನ ನೆಲದ ಮೇಲೆ ನಿಂತಿದ್ದೇನಲ್ಲ ಎಂಬ ಕೊರಗು. ಎಲ್ಲವನ್ನೂ ಬಿಟ್ಟವನಿಗೆ, ನಿಲ್ಲಲು ಬೇಕಾದ ಎರಡು ಪಾದದ ನೆಲ ಯಾರದೆಂಬುದನ್ನು ಮಾತ್ರ ಬಿಡಲಾಗಲಿಲ್ಲ. ಹುತ್ತಕ್ಕಾಗಲಿ ಬಳ್ಳಿಗಾಗಲಿ ಆ ಸಂಶಯ ಬರಲಿಲ್ಲ. ಅವು ಭರತನನ್ನೂ ಕೇಳಲಿಲ್ಲ, ಬಾಹುಬಲಿಯನ್ನೂ ಕೇಳಲಿಲ್ಲ, ಬೆಳೆದುವು. ಕಡೆಗೆ ಭರತನೇ ಬಂದು, ಈ ನೆಲ ನನ್ನದೂ ಅಲ್ಲವೆಂದು ತಲೆಬಾಗಿದ ಮೇಲೆ ತಮ್ಮನ ಮುಳ್ಳು ಕಳೆಯಿತು.

ಬದುವಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗುಂಟೆಯೆಂದರೆ 33 ಅಡಿ ಚೌಕ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಮೂರಡಿ ಅಗಲದ ಬದು 363 ಅಡಿ ಉದ್ದವಿದ್ದರೆ ಸರಿಯಾಗಿ ಒಂದು ಗುಂಟೆ. ಪಟ್ಟಣದ ಮಾತಿನಲ್ಲಿ ಮೂವತ್ತು-ನಲವತ್ತರ ನಿವೇಶನವೊಂದಕ್ಕೆ 111 ಚದರಡಿ ಮಾತ್ರ ಕಡಮೆ. ಚದರಡಿಗೆ ಇಷ್ಟೆಂದು ಬೆಲೆ ಕಟ್ಟುವ ಕಾಲ ಬಂದಾಗ ಈ ಲೆಕ್ಕ ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ನನ್ನ ಸ್ನೇಹಿತರು ಹೊಲ ಮಾರಿದರು. ಅವರನ್ನು ದೂರುವ ಅಧಿಕಾರ ನನಗಿಲ್ಲ. ಮಗಳ ಮದುವೆ, ಬತ್ತಿದ ಕೊಳವೆಬಾವಿ, ರಾಗಿಗೆ ಬರುತ್ತಿದ್ದ ಬೆಲೆ ಇವುಗಳನ್ನು ಹೊತ್ತವರು ಅವರು. ವರ್ಷಕ್ಕೊಮ್ಮೆ ಪತ್ರೆಗೆ ಬಂದು ಊಟಮಾಡಿ ಹೋದವನು ನಾನು. ಹೊಂಗೆಯನ್ನು ಕಡಿದರು. ಹುತ್ತವನ್ನು ಜೆಸಿಬಿಯವನು ಮುಟ್ಟಲೊಲ್ಲದೆ ಒಂದು ದಿನ ಕೆಲಸ ನಿಲ್ಲಿಸಿದನಂತೆ. ಮಾರನೆಯ ದಿನ ಬೇರೆಯವನು ಬಂದನು. ಮುನಿಯಪ್ಪನ ಕಲ್ಲುಗಳನ್ನು ರಸ್ತೆಯಂಚಿಗೆ ಸರಿಸಿ, ನಾಲ್ಕಡಿ ಚೌಕದ ಟೈಲ್ಸ್ ಗುಡಿ ಕಟ್ಟಿಕೊಟ್ಟಿದ್ದಾರೆ. ಆ ಮುದುಕಿಯನ್ನು ಮತ್ತೆ ಕಾಣಲಿಲ್ಲ.

ಈ ಸಲ ಚೌತಿಯ ಹಿಂದಿನ ದಿನ ನಾನು ರೂಢಿಯ ಬಲದಿಂದ ಮತ್ತೆ ಅಲ್ಲಿಗೆ ಹೋದೆನು. ಬದುವಿದ್ದ ಜಾಗದ ಮೇಲೆ ಎಂಟಡಿಯ ಕಾಂಪೌಂಡು ಗೋಡೆ ಎದ್ದಿದೆ. ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ. ಗೋಡೆಗೂ ರಸ್ತೆಗೂ ನಡುವೆ ಚರಂಡಿ, ಚರಂಡಿಯ ಮೇಲೆ ಚಪ್ಪಡಿ ಕಲ್ಲು, ಎರಡು ಚಪ್ಪಡಿಗಳ ಸಂದಿನಲ್ಲಿ ಬೆರಳಗಲದ ಮಣ್ಣು, ಆ ಮಣ್ಣಿನಲ್ಲಿ ಗರಿಕೆ. ಕುಳಿತು ಕಿತ್ತೆನು. ಕಾವಲುಗಾರನು ಒಳಗಿನಿಂದ ಬಂದು, "ಏನ್ ಸಾರ್ ಹುಡುಕ್ತಿದ್ದೀರ?" ಎಂದು ಕೇಳಿ, ಗರಿಕೆಯೆಂದು ತಿಳಿದ ಮೇಲೆ ತಾನೂ ಒಂದೆರಡು ಎಳೆ ಕಿತ್ತುಕೊಟ್ಟನು. ಇಪ್ಪತ್ತೊಂದು ಆಗಲಿಲ್ಲ, ಹದಿನೇಳು ಎಳೆ ದೊರೆಯಿತು.